ಕುರಿಗಳ ನಡುವೆ ಮಲಗಿದ ಸಾಕ್ಷಿ

ಕುರಿಕಾಕಾನ ಬಲಗಲ್ಲದ ಮೇಲೆ ಕಂಬಳಿಯ ನೇಯ್ಗೆ ಅಚ್ಚು ಬಿದ್ದಿರುತ್ತಿತ್ತು. ಬೆಳಿಗ್ಗೆ ಎದ್ದಾಗ ಗೆರೆ ಗೆರೆಯಾಗಿ ಕೆಂಪಗೆ ಕಾಣುತ್ತಿತ್ತು. ಬಿಸಿಲು ಏರಿದ ಮೇಲೂ ಪೂರ್ತಿ ಹೋಗುತ್ತಿರಲಿಲ್ಲ. ಆ ಕಡೆ ಗಡ್ಡವೂ ಸರಿಯಾಗಿ ಬೆಳೆದಿರಲಿಲ್ಲ. ಅವನಿಗೆ ಕ್ಷೌರ ಮಾಡುವುದು ಅರ್ಧ ಕೆಲಸ, ಆದರೆ ಜೋಳ ಮಾತ್ರ ಪೂರ್ತಿ ಕೊಡುತ್ತಾನೆ ಎಂದು ನಮ್ಮೂರ ಹಡಪದವನು ಹೇಳುತ್ತಿದ್ದ.

ಅವನು ನಮಗೆ ರಕ್ತಸಂಬಂಧಿಯಲ್ಲ. ಕುರಿ ಕಾಯುತ್ತಿದ್ದ, ಅಪ್ಪನಿಗಿಂತ ಹಿರಿಯ, ಅದಕ್ಕೆ ಎಲ್ಲರೂ ಕುರಿಕಾಕಾ ಅನ್ನುತ್ತಿದ್ದೆವು. ಊರಲ್ಲಿ ಅವನಿಗೆ ಮನೆ ಇತ್ತು, ಮಗ ಸೊಸೆ ಇದ್ದರು. ಆದರೆ ಅವನು ಮನೆಯಲ್ಲಿ ಮಲಗಿದ್ದು ಯಾರೂ ನೋಡಿರಲಿಲ್ಲ. ಹೊಲಕ್ಕೆ ಗೊಬ್ಬರ ಬೇಕಾದವರು ಅವನನ್ನು ಕರೆಯುತ್ತಿದ್ದರು. ಅವನು ಕುರಿ ತಂದು ಆ ಹೊಲದಲ್ಲಿ ನಾಲ್ಕು ದಿನ, ಎಂಟು ದಿನ ಹಟ್ಟಿ ಹಾಕುತ್ತಿದ್ದ. ಕುರಿಗಳ ನಡುವೆ ಕಂಬಳಿ ಹಾಸಿ, ಬಲಗೈ ತಲೆಗಿಟ್ಟು, ಹೊತ್ತು ಮುಳುಗಿ ಕತ್ತಲು ಗಟ್ಟಿಯಾಗುವ ಮೊದಲೇ ಮಲಗಿಬಿಡುತ್ತಿದ್ದ. ಹೀಗೆ ಸುತ್ತ ನಾಲ್ಕು ಊರಿನ ಹೊಲಗಳಲ್ಲಿ ಅವನು ಮಲಗದ ಹೊಲ ಇರಲಿಲ್ಲ.

ಅವನ ನೆನಪು ದೊಡ್ಡದು. ಅಕ್ಷರ ಒಂದೂ ಬರುತ್ತಿರಲಿಲ್ಲ, ಆದರೆ ಊರಿನವರು ಏನೇ ಮರೆತರೂ ಅವನ ಹತ್ತಿರ ಹೋಗುತ್ತಿದ್ದರು. ಮಗಳು ಹುಟ್ಟಿದ್ದು ಯಾವ ಮಳೆಯಲ್ಲಿ, ಎಮ್ಮೆ ಎಷ್ಟನೇ ಸೂಲಿನದು, ಅಜ್ಜ ಸತ್ತದ್ದು ಅಮಾವಾಸ್ಯೆಗೆ ಮೊದಲೋ ಆಮೇಲೋ. ಸಂಜೆ ಹೋಗಿ ಕೇಳಿದರೆ ಅವನು ಉತ್ತರ ಕೊಡುತ್ತಿರಲಿಲ್ಲ.

“ನಾಳೆ ಬಾ. ಮಲಗಿ ಎದ್ದು ಹೇಳತೀನಿ.”

ಮರುದಿನ ಬೆಳಿಗ್ಗೆ ಹೋದರೆ ಉತ್ತರ ತಯಾರಾಗಿರುತ್ತಿತ್ತು. ಆದರೆ ನೇರವಾಗಿ ಹೇಳುವವನಲ್ಲ. ಮೊದಲು ತಾನು ಮಲಗಿದ ಜಾಗ ಹೇಳಬೇಕು. “ನಿನ್ನ ಮಗಳು ಹುಟ್ಟಿದಾಗ ನಾ ಇಟಗಿ ಗುಡಿ ಹಿಂದಿನ ಎರಿ ಹೊಲದಾಗ ಮಲಗಿದ್ದೆ. ನೆಲ ಹಸಿ ಇತ್ತು. ಬೆನ್ನು ಹಿಡಕೊಂಡಿತ್ತು. ನಿಮ್ಮಪ್ಪ ಪೇಡೆ ತಂದು ಕೊಟ್ಟ, ಬೆನ್ನು ಬಗ್ಗಸಿ ತೊಗೊಳ್ಳಾಕ ಆಗಲಿಲ್ಲ. ಅಂದ್ರ ಹಸ್ತ ಮಳಿ.” ಕೇಳಲು ಬಂದವನಿಗೆ ಹಸ್ತ ಮಳೆ ಅನ್ನುವ ಒಂದು ಮಾತು ಸಾಕಾಗಿತ್ತು. ಆದರೆ ಬೆನ್ನಿನ ಕಥೆ ಕೇಳದೆ ಅದು ಸಿಗುತ್ತಿರಲಿಲ್ಲ.

ನಾನು ಮೂರನೆಯ ಇಯತ್ತೆಯವರೆಗೆ ಸಾಲಿಗೆ ಹೋದೆ. ಮಗ್ಗಿ ನನಗೆ ನಿಲ್ಲುತ್ತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಾದರೂ ಓದು ಎಂದು ಮಾಸ್ತರರು ಹೇಳಿದ್ದರು. ಕುರಿಕಾಕಾ ಅದನ್ನು ಕೇಳಿ ನಕ್ಕ.

“ಕುರಿ ಹಗಲೆಲ್ಲ ಏನ ಮಾಡತೈತಿ?”

“ಮೇಯತೈತಿ.”

“ಮಲಗಿದ ಮ್ಯಾಲೆ?”

“ಮೆಲುಕು ಹಾಕತೈತಿ.”

“ಮಲಗಾಕ ಬಿಡಲಿಲ್ಲಂದ್ರ ಮೇದಿದ್ದು ಏನಾಗತೈತಿ? ಹೊಟ್ಟಿ ಉಬ್ಬತೈತಿ. ನಿನ್ನ ತಲಿ ಈಗ ಉಬ್ಬೇತಿ. ಹೋಗಿ ಮಲಗು.”

ಮರುದಿನ ನಾನು ಸಾಲಿಯಲ್ಲಿ ಮಲಗಿದೆ. ಮಾಸ್ತರರು ಎಬ್ಬಿಸಿ ಹೊಡೆದರು. ಕುರಿಕಾಕಾ ಹೇಳಿದ್ದಾನೆ ಅಂದೆ. ಇನ್ನೆರಡು ಹೊಡೆದರು. ಅಳುತ್ತ ಅವನ ಹತ್ತಿರ ಹೋದರೆ ಅವನು ಮಾಸ್ತರರ ಕಡೆಯೇ ಮಾತಾಡಿದ. “ಸಾಲ್ಯಾಗ ಮಲಗು ಅಂತ ಯಾರ ಹೇಳಿದ್ರು? ಕುರಿ ಮೇಯೋ ಹೊತ್ತಿನ್ಯಾಗ ಮೆಲುಕು ಹಾಕತೈತೇನಲೇ?”

ಅಲ್ಲಿಗೆ ನನ್ನ ಸಾಲಿ ಮುಗಿಯಿತು. ಹೊಲಕ್ಕೆ ಹತ್ತಿದೆ. ನಮ್ಮ ಹೊಲದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕುರಿಕಾಕಾ ಎಂಥವನು ಎಂಬುದು ನನಗೆ ಸರಿಯಾಗಿ ತಿಳಿದದ್ದು ಆ ಹೊಲದ ತಂಟೆಯಲ್ಲಿ.

ಹೊಲದ ಮೂಡಣ ಅಂಚಿಗೆ ಒಂದು ಬಾವಿ. ನಮ್ಮ ಅಜ್ಜ ತೋಡಿಸಿದ್ದು. ಆ ಬಾವಿ ಇದ್ದದ್ದಕ್ಕೆ ನಾವು ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುತ್ತಿದ್ದೆವು. ಬಾವಿ ಹೋದರೆ ಹೊಲ ಬರೀ ಆಕಾಶ ನೋಡುವ ಹೊಲ. ಒಂದು ವರ್ಷ ಅಪ್ಪ ಜ್ವರ ಬಂದು ಎರಡು ತಿಂಗಳು ಮಲಗಿದ. ನಾನು ಸುಗ್ಗಿಗೆಂದು ಅವ್ವನ ತವರಿಗೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ಗಡಿ ಕಲ್ಲು ಬಾವಿಯ ಈಚೆಗೆ ಬಂದು ನಿಂತಿತ್ತು. ಬಾಜೂ ಹೊಲದವನು ಬಾವಿಗೆ ಹೊಸ ಹಗ್ಗ ಹಾಕಿದ್ದ.

“ಕಲ್ಲು ಹೆಂಗ ಬಂತೋ ಈ ಕಡೆ?” ಅಂದೆ.

“ಕಲ್ಲು ಇದ್ದಲ್ಲೇ ಐತಿ,” ಅಂದ ಬಾಜೂ ಹೊಲದವನು. “ನೀ ಸುಗ್ಗಿಗೆ ಹೋಗಿದ್ದಿ. ಹೋದಾವ ನೀನು, ಕಲ್ಲಲ್ಲ.”

ಅವನ ಮಾತು ಹೀಗೇ. ಕೇಳಿದವರಿಗೆ ನಗು ಬರಬೇಕು, ನಮಗೆ ಹೊಟ್ಟೆ ಉರಿಯಬೇಕು. ಅಪ್ಪ ಯಲಬುರ್ಗಾದ ಕಚೇರಿಯಲ್ಲಿ ಅರ್ಜಿ ಕೊಟ್ಟ. ಕಾಗದ ನೋಡೋಣ ಅಂದರೆ ಅಜ್ಜನ ಪೆಟ್ಟಿಗೆಯಲ್ಲಿದ್ದ ನಕ್ಷೆಯನ್ನು ಗೆದ್ದಲು ತಿಂದಿತ್ತು. ತಿಂದದ್ದೂ ಸರಿಯಾಗಿ ಮೂಡಣ ಅಂಚನ್ನೇ. ಬಾಜೂ ಹೊಲದವನು ಇಬ್ಬರು ಸಾಕ್ಷಿಗಳನ್ನು ಗೊತ್ತು ಮಾಡಿದ. ಕಲ್ಲು ಹುಗಿದಾಗ ಆ ಇಬ್ಬರೂ ಹುಟ್ಟಿರಲೇ ಇಲ್ಲ. ಹುಗಿದಾಗ ಅಲ್ಲಿ ಇದ್ದವರಲ್ಲಿ ಬದುಕಿ ಉಳಿದವನು ಕುರಿಕಾಕಾ ಒಬ್ಬನೇ. ಆಗ ಅವನು ನಮ್ಮ ಹೊಲದಲ್ಲೇ ಹಟ್ಟಿ ಹಾಕಿದ್ದ.

ಅಪ್ಪ ಸಂಜೆ ಹೋಗಿ ಕೇಳಿದ. ನಾಳೆ ಬಾ ಅಂದ. ಮರುದಿನ ಬೆಳಿಗ್ಗೆ ಹೋದಾಗ, “ಎಲ್ಲಾ ನೆಪ್ಪೈತಿ. ಸಾಹೇಬ್ರ ಮುಂದ ಹೇಳತೀನಿ. ನಿನಗ ಯಾಕ?” ಅಂದ. ಅಪ್ಪನಿಗೆ ಅಷ್ಟೇ ಸಾಕಾಯಿತು. ನಾವು ಅವನಿಂದ ವಿವರ ಕೇಳಿಟ್ಟುಕೊಳ್ಳಲಿಲ್ಲ. ಅದು ನಮ್ಮ ಮೊದಲ ತಪ್ಪು.

ಎರಡನೆಯ ತಪ್ಪು ಪ್ರೀತಿಯಿಂದ ಮಾಡಿದ್ದು.

ನಮ್ಮ ಊರಿನಿಂದ ಯಲಬುರ್ಗಾಕ್ಕೆ ಮೂರು ಹರದಾರಿ. ಕಚೇರಿ ಕೂಗುವುದು ಬೆಳಿಗ್ಗೆ. ಕುರಿಕಾಕಾ ನಸುಕಿನಲ್ಲಿ ಎದ್ದು ನಡೆದು ಬರುತ್ತೇನೆ ಅಂದ. ಅಪ್ಪ ಬಿಡಲಿಲ್ಲ. ಸಾಕ್ಷಿ ದಾರಿಯಲ್ಲಿ ಮುಳ್ಳು ತುಳಿದರೆ ಏನು ಗತಿ? ಹಿಂದಿನ ದಿನವೇ ಚಕ್ಕಡಿ ಕಟ್ಟಿ ಕರೆದುಕೊಂಡು ಹೋದೆವು. ಕುರಿಗಳನ್ನು ಅವನ ಮಗನಿಗೆ ಒಪ್ಪಿಸಿದೆವು. ಯಲಬುರ್ಗಾದಲ್ಲಿ ನಮ್ಮ ಅತ್ತೆ, ಅಪ್ಪನ ತಂಗಿ, ಇದ್ದಳು. ಅವಳು ಹೋಳಿಗೆ ಮಾಡಿದ್ದಳು. ತುಪ್ಪ ಸುರಿದಳು. ತನ್ನ ಮದುವೆಯಲ್ಲಿ ಕೊಟ್ಟಿದ್ದ ಹತ್ತಿ ಗಾದಿಯನ್ನು ಗಂಟು ಬಿಚ್ಚಿ ತೆಗೆದು, ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಹಾಸಿದಳು. ಗಾಳಿ ಬಡಿಯಬಾರದು ಎಂದು ಕಿಟಕಿ ಹಾಕಿದಳು. ಸಪ್ಪಳ ಆಗಬಾರದು ಎಂದು ಎಮ್ಮೆಯನ್ನು ಪಕ್ಕದ ಮನೆಗೆ ಹೊಡೆದಳು.

ಕುರಿಕಾಕಾ ಗಾದಿಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದ. “ಇದು ಒಳಗ ಹೋಗತೈತಲ್ಲೋ.”

“ಅದು ಹಂಗ ಇರತೈತಿ ಕಾಕಾ. ಮಲಗು,” ಅಂದೆ.

“ನನ್ನ ಕಂಬಳಿ ಎಲ್ಲಿ?”

“ವಾಸನಿ ಬರತೈತಂತ ಅತ್ತಿ ಹೊರಗ ಹಾಕ್ಯಾಳ. ಮಲಗೋ ಮಾರಾಯಾ, ಒಂದು ದಿನ ಸಾಹುಕಾರನಂಗ ಮಲಗು.”

ಬೆಳಿಗ್ಗೆ ಅತ್ತೆ ಕೇಳಿದಳು, “ಹೆಂಗಾತ್ರಿ ಕಾಕಾ, ಗಾದಿ?”

“ಗಾದಿ ಭಾಳ ಛಲೋ ಐತಿ ತಂಗಿ,” ಅಂದ.

ಅವಳಿಗೆ ಸಂತೋಷವಾಯಿತು. ನಾನು ಅವನ ಮುಖ ನೋಡಿದೆ. ಬಲಗಲ್ಲ ನುಣ್ಣಗಿತ್ತು. ಒಂದು ಗೆರೆಯೂ ಇರಲಿಲ್ಲ. ಗಾದಿ ಮೆತ್ತಗಿದೆಯಲ್ಲ, ಅದಕ್ಕೇ ಅಚ್ಚು ಬಿದ್ದಿಲ್ಲ ಅಂದುಕೊಂಡೆ.

ತಹಸೀಲ್ದಾರ ಸಾಹೇಬರು ವಯಸ್ಸಾದವರು. ಹೈದರಾಬಾದಿನ ಕಡೆಯವರು, ನಮ್ಮ ಕಡೆಗೆ ಬಂದು ಆರು ತಿಂಗಳಾಗಿತ್ತು. ಅವರದು ಉರ್ದು. ಪಕ್ಕದಲ್ಲಿ ಕೂತ ಪೇಶ್ಕಾರ, ಅಂದರೆ ಕಾಗದ ಬರೆಯುವವನು, ಅವರ ಮಾತನ್ನು ನಮಗೂ ನಮ್ಮದನ್ನು ಅವರಿಗೂ ಹೇಳುತ್ತಿದ್ದ. ಮೊದಲು ಬಾಜೂ ಹೊಲದವನ ಇಬ್ಬರು ಸಾಕ್ಷಿಗಳು ನಿಂತು ಗಿಳಿಯ ಹಾಗೆ ಹೇಳಿ ಹೋದರು. ಆಮೇಲೆ ಕುರಿಕಾಕಾನನ್ನು ಕರೆದರು.

ಹೆಸರು ಕೇಳಿದರು. ಸ್ವಲ್ಪ ಹೊತ್ತು ತೆಗೆದುಕೊಂಡು ಹೇಳಿದ. ಅಪ್ಪನ ಹೆಸರು ಕೇಳಿದರು.

“ಕಾಳ್ಯಾ.”

ಪೇಶ್ಕಾರ ಬರೆದುಕೊಂಡ. ಬಾಜೂ ಹೊಲದವನು ಧೋತರದ ಚುಂಗು ಬಾಯಿಗೆ ಒತ್ತಿಕೊಂಡ. ಆದರೂ ತಡೆಯಲಾಗಲಿಲ್ಲ. “ಸಾಹೇಬ್ರ, ಕಾಳ್ಯಾ ಅಂದ್ರ ಇವನ ಅಪ್ಪ ಅಲ್ರಿ. ಇವನ ನಾಯಿ.”

ಕಚೇರಿಯಲ್ಲಿ ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತ ಪಟ್ಟೇವಾಲಾ ಕೂಡ ನಕ್ಕ. ಕುರಿಕಾಕಾ ತಾನೂ ಸ್ವಲ್ಪ ನಕ್ಕ. ಯಾಕೆ ಎಂದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

“ಇರಲಿ,” ಅಂದ ಪೇಶ್ಕಾರ. “ಗಡಿ ಕಲ್ಲು ಎಲ್ಲಿತ್ತು?”

“ಬನ್ನಿ ಗಿಡದ ಹತ್ರ.”

“ಯಾವ ಕಡೆ?”

“ಆ ಕಡೆ.” ಕೈ ಮಾಡಿ ಸಾಹೇಬರ ಕುರ್ಚಿ ತೋರಿಸಿದ.

“ಎಷ್ಟು ಹೆಜ್ಜೆ?”

“ಬನ್ನಿ ಗಿಡ ಅಲ್ರಿ. ಬೇವಿನ ಗಿಡ.”

“ಬೇವಿನ ಗಿಡ ಎಲ್ಲದ?”

“ಅದು ಇಟಗ್ಯಾಗ ಐತ್ರಿ.”

ಪೇಶ್ಕಾರ ಲೇಖನಿ ಕೆಳಗಿಟ್ಟ. ನನಗೆ ನಮ್ಮ ಬಾವಿ ಕಣ್ಣ ಮುಂದೆ ನಡೆದು ಹೋದಂತಾಯಿತು. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ಊಟ ನಮಾಜು ಮುಗಿಸಿ ಬಂದು ಫೈಸಲಾ ಹೇಳುತ್ತೇವೆ ಎಂದು ಸಾಹೇಬರು ಎದ್ದರು.

ಹೊರಗೆ ಬಂದೆವು. ನಾನು ಕುರಿಕಾಕಾನಿಗೆ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಬಾಜೂ ಹೊಲದವನಿಂದ ಏನು ತಿಂದಿದ್ದೀಯಾ ಎಂದೂ ಕೇಳಿದೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆ. ಕುರಿಕಾಕಾ ಕಟ್ಟೆಯ ಮೇಲೆ ಕೂತಿದ್ದ, ಕಣ್ಣು ಕೆಂಪಗಾಗಿದ್ದವು. ಸಿಟ್ಟಾಗಲಿಲ್ಲ.

“ತಮ್ಮಾ, ರಾತ್ರಿಯೆಲ್ಲ ಮೆಲುಕು ನಿಂತಿತ್ತೋ,” ಅಂದ.

“ಏನಂದಿ?”

“ನಲವತ್ತು ವರ್ಷ ಆತು. ಕುರಿ ಮೆಲುಕು ಹಾಕೋ ಸಪ್ಪಳ ಕಿವ್ಯಾಗ ಇರಬೇಕು. ಅದು ನಿಂತ್ರ ತೋಳ ಬಂದೈತಿ ಅಂತ ಲೆಕ್ಕ. ತೋಳ ಬಂದ್ರ ಕುರಿ ಮೆಲುಕು ನಿಲ್ಲಸ್ತಾವ, ಆವಾಗ ನನಗ ಎಚ್ಚರ ಆಗತೈತಿ. ನಿಮ್ಮ ಅತ್ತಿ ಮನ್ಯಾಗ ಸಂಜಿಂದ ಬೆಳತನಾ ನಿಂತ ಇತ್ತು. ಬಡಿಗಿ ಹಿಡಕೊಂಡು ಗಾದಿ ಮ್ಯಾಲ ಕೂತಿದ್ದೆ. ತೋಳ ಬರಲೇ ಇಲ್ಲ.”

“ಮತ್ತ ಬೆಳಿಗ್ಗೆ ಯಾಕ ಹೇಳಲಿಲ್ಲ?”

“ಹೆಣ್ಣಮಗಳು ಮದಿವಿ ಗಾದಿ ಹಾಸಿ ಕೊಟ್ಟಾಳ. ನಿದ್ದಿ ಬಂದಿಲ್ಲ ಅಂತ ಹೆಂಗ ಹೇಳಲಿ?”

ಅವನ ನುಣ್ಣನೆಯ ಗಲ್ಲ ನೋಡಿದೆ. ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ನಾವು ಸಾಕ್ಷಿಗೆ ಹೋಳಿಗೆ, ತುಪ್ಪ, ಗಾದಿ ಎಲ್ಲ ಕೊಟ್ಟಿದ್ದೆವು. ಬೇಕಾದದ್ದನ್ನು ಮಾತ್ರ ಮೂರು ಹರದಾರಿ ಹಿಂದೆ ಬಿಟ್ಟು ಬಂದಿದ್ದೆವು.

ಅವತ್ತು ಸಂತೆ. ಕಚೇರಿಯ ಹಿಂದೆ ಹುಣಸೆ ಮರದ ಕೆಳಗೆ ಕುರಿ ವ್ಯಾಪಾರ ನಡೆಯುತ್ತಿತ್ತು. ಬಿಸಿಲಿಗೆ ಕೊಳ್ಳುವವರು ಹೋಗಿದ್ದರು. ಬಿಳಿ ಗಡ್ಡದ ಒಬ್ಬ ಚಾಚಾ ಇಪ್ಪತ್ತು ಕುರಿಗಳನ್ನು ನೆರಳಿಗೆ ಮಲಗಿಸಿಕೊಂಡು ರೊಟ್ಟಿ ತಿನ್ನುತ್ತಿದ್ದ. ನಾನು ಓಡಿದೆ.

“ಚಾಚಾ, ಕುರಿ ಬೇಕಾಗಿತ್ತು.”

“ಎಷ್ಟು?”

“ಎಲ್ಲಾ.”

ಚಾಚಾ ರೊಟ್ಟಿ ಕೆಳಗಿಟ್ಟು ಕೈ ಒರೆಸಿಕೊಂಡ. “ಬಾರಪ್ಪಾ, ಕೂಡು. ಸಾಕಾಕೋ, ಕೊಯ್ಯಾಕೋ?”

“ಮಲಗಾಕ.”

“ಯಾರು ಮಲಗೋರು?”

“ನಮ್ಮ ಸಾಕ್ಷಿ. ನೀ ಏನೂ ಕೊಡಬ್ಯಾಡ, ಕುರಿ ಹಿಂಗ ಮಲಗಿರಲಿ. ಅವುಗಳ ನಡುವ ಒಬ್ಬಾವ ಮಲಗತಾನ. ನಮಾಜ್ ಮುಗಿಯೂತನಾ.”

ಚಾಚಾ ರೊಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡ. “ಬೆಳಿಗ್ಗೆಯಿಂದ ಒಂದು ಕುರಿ ಹೋಗಿಲ್ಲ. ಬಂದ ಗಿರಾಕಿ ನೋಡಿದ್ರ ಇಂಥಾವ. ನಿನಗ ಬಿಸಲು ಹತ್ತೇತಿ ತಮ್ಮಾ.”

ಅಷ್ಟರಲ್ಲಿ ಕುರಿಕಾಕಾ ತಾನೇ ನಡೆದು ಬಂದಿದ್ದ. ಕುರಿಗಳ ವಾಸನೆಗೆ ಬಂದನೋ ಸಪ್ಪಳಕ್ಕೆ ಬಂದನೋ ತಿಳಿಯದು. ಒಂದು ಕುರಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಅದರ ಹೊಟ್ಟೆ ಮುಟ್ಟಿದ. “ಇದನ್ನ ಮಾರಬ್ಯಾಡ್ರಿ. ಎರಡು ಮರಿ ಅದಾವ.”

ಚಾಚಾ ತಾನೂ ಬಂದು ಮುಟ್ಟಿ ನೋಡಿದ. ಆಮೇಲೆ ಕುರಿಕಾಕಾನ ಮುಖ ನೋಡಿದ. “ಮಲಗು ಅಣ್ಣಾ,” ಅಂದ.

ನಾನು ಅತ್ತೆಯ ಮನೆಗೆ ಓಡಿ, ಹೊರಗೆ ಬಿದ್ದಿದ್ದ ಕಂಬಳಿ ತಂದೆ. ನಾನು ಬರುವಷ್ಟರಲ್ಲಿ ಅವನು ಮಣ್ಣಿನ ಮೇಲೇ ಅಡ್ಡಾಗಿದ್ದ. ತಲೆ ಎತ್ತಿ ಕಂಬಳಿ ತುರುಕಿದೆ. ಅವನಿಗೆ ಗೊತ್ತೂ ಆಗಲಿಲ್ಲ. ಸುತ್ತ ಇಪ್ಪತ್ತು ಕುರಿಗಳು ದವಡೆ ಆಡಿಸುತ್ತಿದ್ದವು. ಚಾಚಾ ಇಬ್ಬರು ಗಿರಾಕಿಗಳನ್ನು ಬಾಯಿಗೆ ಬೆರಳಿಟ್ಟು ದೂರದಿಂದಲೇ ಕಳಿಸಿದ. ಒಬ್ಬನಂತೂ ಕೊಳ್ಳಲು ಬಂದವನು, ಯಾರೋ ಸತ್ತಿದ್ದಾರೆ ಎಂದು ಕೈಮುಗಿದು ಹೋದ.

ಪಟ್ಟೇವಾಲಾ ಕೂಗಿದಾಗ ನಾನೇ ಎಬ್ಬಿಸಿದೆ. ಅವನು ಎದ್ದು ಕೂತ. ಬಲಗಲ್ಲದ ತುಂಬ ಗೆರೆ. ಜೊತೆಗೆ ಎರಡು ಹುಣಸೆ ಎಲೆ ಅಂಟಿದ್ದವು. ನನಗೆ ಜೀವ ಬಂತು.

“ನನ್ನಪ್ಪನ ಹೆಸರಿಗೆ ನಾಯಿ ಹೆಸರು ಬರಸೇನಿ ಅಲ್ಲೋ,” ಅಂದ. ಅವನಿಗೆ ಮೊದಲು ನೆನಪಾದದ್ದು ಅದು.

ಕಚೇರಿಯಲ್ಲಿ ನಾನು ಕೈಮುಗಿದು, ನಮ್ಮ ಸಾಕ್ಷಿಯನ್ನು ಇನ್ನೊಮ್ಮೆ ಕೇಳಬೇಕು ಅಂದೆ. ಬಾಜೂ ಹೊಲದವನು ಎದ್ದ. “ಅದೆಂಗ್ರಿ? ಬೆಳಿಗ್ಗೆ ಒಂದು ಹೇಳ್ಯಾನ. ಈಗ ಇನ್ನೊಂದು ಹೇಳತಾನ. ನಡುವ ಇವರು ಕಲಿಸಿ ತಂದಾರ.”

“ಏನೂ ಕಲಿಸಿಲ್ರಿ. ಅಂವ ಮಲಗಿದ್ದ,” ಅಂದೆ.

ಪೇಶ್ಕಾರ ಅದನ್ನು ಸಾಹೇಬರಿಗೆ ಹೇಳಿದ. ಸಾಹೇಬರು ತಲೆ ಎತ್ತಿದರು. ರಾತ್ರಿ ನಿದ್ದೆ ಬಂದಿರಲಿಲ್ಲವೇ ಎಂದು ಕೇಳಿಸಿದರು. ಇಲ್ಲ ಅಂದೆ. ಗಾದಿಯ ಕಥೆ ಹೇಳಿದೆ, ಚಾಚಾನ ಕುರಿಗಳ ಕಥೆ ಹೇಳಿದೆ. ಪೇಶ್ಕಾರ ಅದನ್ನೆಲ್ಲ ಉರ್ದುವಿನಲ್ಲಿ ಹೇಳುವಾಗ ಎರಡು ಸಲ ನಿಲ್ಲಿಸಿ, ಇದನ್ನೂ ಹೇಳಲೇ ಎಂಬಂತೆ ನನ್ನ ಮುಖ ನೋಡಿದ. ಸಾಹೇಬರು ನಗಲಿಲ್ಲ. ಪೇಶ್ಕಾರನ ಕಡೆ ಬಾಗಿ ಏನೋ ಮಾತಾಡಿದರು.

ಪೇಶ್ಕಾರ ನಮಗೆ ಹೇಳಿದ: “ಸಾಹೇಬ್ರಿಗೂ ಈ ಊರಿಗೆ ಬಂದಾಗಿಂದ ನಿದ್ದಿ ಇಲ್ಲಂತ. ನಿನ್ನೆ ಕನ್ನಡಕ ಹಣಿ ಮ್ಯಾಲ ಇಟಗೊಂಡು ಮನಿಯೆಲ್ಲ ಹುಡುಕ್ಯಾರ. ಕೇಳೋಣು ಅಂತಾರ.”

ಕುರಿಕಾಕಾ ನಿಂತ. ಮೊದಲು ಪೇಶ್ಕಾರನಿಗೆ ಹೇಳಿದ, “ನಮ್ಮಪ್ಪನ ಹೆಸರು ತಿದ್ರಿ. ಬೆಳಿಗ್ಗೆ ಹೇಳಿದ್ದು ನಾನಲ್ಲ, ಗಾದಿ.” ಸರಿಯಾದ ಹೆಸರು ಹೇಳಿ, ಪೇಶ್ಕಾರ ಹೊಡೆದು ಬರೆಯುವವರೆಗೆ ಮುಂದೆ ಹೋಗಲಿಲ್ಲ. ಆಮೇಲೆ ಶುರು ಮಾಡಿದ.

“ಆಗ ನನಗ ಹೊಸದಾಗಿ ಮದಿವಿ ಆಗಿತ್ರಿ. ಇವರ ಹೊಲದಾಗ ಹಟ್ಟಿ ಹಾಕಿ ಮೂರನೇ ದಿನ. ಬನ್ನಿ ಗಿಡಕ್ಕ ಕಾಲು ಮಾಡಿ, ಮೂಡಲಕ್ಕ ತಲಿ ಮಾಡಿ ಮಲಗಿದ್ದೆ. ಬಾವಿ ನನ್ನ ಎಡಕ್ಕ, ಕಾಲಿನ ಕಡೆ ಇತ್ತು. ಭಾಳ ಛಲೋ ನಿದ್ದಿ. ನಸುಕಿನ್ಯಾಗ ಅಳತಿ ಮಂದಿ ಬಂದ್ರು. ಸರಪಳಿ ಎಳಕೊಂತ ಬಂದು ನನ್ನ ತಲಿ ಹತ್ರ ನಿಂತ್ರು. ಏಳೋ, ನಿನ್ನ ತಲಿ ಇದ್ದಲ್ಲೇ ಕಲ್ಲು ಬರತೈತಿ ಅಂದ್ರು. ಅಷ್ಟು ದೊಡ್ಡ ಹೊಲದಾಗ ಇವರಿಗೆ ನನ್ನ ತಲಿದಿಂಬ ಬೇಕಾತಲ್ಲ ಅಂತ ಸಿಟ್ಟು ಬಂತ್ರಿ. ಅದಕ್ಕ ನೆಪ್ಪೈತಿ. ಮತ್ತ ನನ್ನ ಕಡಿಂದನ ತೆಗ್ಗು ತೋಡಿಸಿದ್ರು.”

“ಬನ್ನಿ ಗಿಡದಿಂದ ಎಷ್ಟು ಹೆಜ್ಜೆ?”

“ಮೂವತ್ತಾರು. ಗಿಡದಿಂದ ಮೂಡಲಕ್ಕ. ಬಾವಿ ದಾಟಿ ಹನ್ನೆರಡು.”

“ಕಲ್ಲು ಈಗ ಅಲ್ಲಿಲ್ಲ. ನೀ ಹೇಳೋದು ಖರೆ ಅಂತ ಹೆಂಗ ನಂಬೋದು?”

“ಕಲ್ಲು ಹೋದ್ರ ಹೋಗಲಿ. ಕಲ್ಲಿನ ಕೆಳಗ ಅವರು ಒಂದು ಬುಟ್ಟಿ ಇದ್ದಿಲ ಹಾಕ್ಯಾರ. ಯಾಕ್ರಿ ಅಂತ ಕೇಳಿದ್ದೆ. ಇದ್ದಿಲ ಕೊಳಿಯೂದಿಲ್ಲ, ನಾಳೆ ಯಾರರ ಕಲ್ಲು ಸರಿಸಿದ್ರ ಗುರ್ತು ಇರತೈತಿ ಅಂದ್ರು. ಅಗದು ನೋಡ್ರಿ.”

ಬಾಜೂ ಹೊಲದವನ ಮುಖ ನೋಡಿದೆ. ಅವನಿಗೆ ಇದ್ದಿಲಿನ ವಿಷಯ ಗೊತ್ತಿರಲಿಲ್ಲ.

ಎಂಟು ದಿನಕ್ಕೆ ಕಚೇರಿಯಿಂದ ಹೊಲ ತನಿಖೆ ಮಾಡುವ ಒಬ್ಬ ಗಿರ್ದಾವರ ಬಂದ. ಬನ್ನಿ ಗಿಡದಿಂದ ಹೆಜ್ಜೆ ಹಾಕಿಸಿದ. ಮೂವತ್ತಾರನೆಯ ಹೆಜ್ಜೆಯಲ್ಲಿ ಅಗೆದರೆ ಮೊಣಕಾಲು ಆಳಕ್ಕೆ ಮಣ್ಣು ಕಪ್ಪಗೆ ಬಂತು. ಇನ್ನಷ್ಟು ಅಗೆದರೆ ಇದ್ದಿಲು, ನಿನ್ನೆ ಒಲೆಯಿಂದ ತೆಗೆದಂತೆ. ಊರೆಲ್ಲ ನಿಂತು ನೋಡಿತು. ಕಲ್ಲನ್ನು ಕಿತ್ತು ಅಲ್ಲಿಗೇ ಹಾಕಿದರು. ಬಾವಿ ನಮಗೆ ಉಳಿಯಿತು.

ಬಾಜೂ ಹೊಲದವನು ತನ್ನ ಹಗ್ಗ ಸುತ್ತಿಕೊಳ್ಳುತ್ತ ಕುರಿಕಾಕಾನ ಹತ್ತಿರ ನಿಂತ. “ಅಲ್ಲೋ, ಇಷ್ಟು ಹೊಲದಾಗ ನಿನಗ ಮಲಗಾಕ ಬ್ಯಾರೆ ಜಾಗ ಇರಲಿಲ್ಲೇನು?”

ಆಮೇಲೆ ಅವನು ನಮ್ಮ ಮನೆಯವರ ಜೊತೆ ಐದು ವರ್ಷ ಮಾತಾಡಲಿಲ್ಲ. ಎದುರು ಬಂದರೆ ಎತ್ತಿನ ಜೊತೆ ಮಾತಾಡುತ್ತ ಹೋಗುತ್ತಿದ್ದ.

ಸಾಹೇಬರು ಮಾತ್ರ ಒಂದು ಸಲ ಪಟ್ಟೇವಾಲಾನ ಕೈಲಿ ಹೇಳಿ ಕಳಿಸಿದರು, ತಮ್ಮ ನಿದ್ದೆಗೆ ಏನಾದರೂ ದಾರಿ ಇದೆಯೇ ಎಂದು. ಕುರಿಕಾಕಾ ಬಹಳ ಯೋಚಿಸಿ, ಒಂದು ಮುದಿ ಕುರಿಯನ್ನು ಕಳಿಸಿದ. “ಹಾಸಿಗಿ ಹತ್ರ ಕಟ್ಟಾಕ ಹೇಳು. ಕೊಯ್ಯಬ್ಯಾಡ್ರಿ ಅಂತನೂ ಹೇಳು.” ಅದು ಏನಾಯಿತೋ ನನಗೆ ತಿಳಿಯದು. ಎರಡು ತಿಂಗಳಿಗೆ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು. ಚಕ್ಕಡಿಯ ಹಿಂದೆ ಒಂದು ಕುರಿ ಕಟ್ಟಿತ್ತು ಎಂದು ನೋಡಿದವರು ಹೇಳಿದರು. ನಾನು ನೋಡಿಲ್ಲ.

ಕಚೇರಿಯ ಹೊರಗೆ ಅಂದ ಮಾತಿಗೆ ನಾನು ಕುರಿಕಾಕಾನ ಕ್ಷಮೆ ಕೇಳಬೇಕು ಅಂದುಕೊಂಡಿದ್ದೆ. ಒಂದು ಸಂಜೆ ಹೋಗಿ ತಲೆ ತಗ್ಗಿಸಿ ನಿಂತೆ. “ನಿನಗ ಅವತ್ತು ಏನೇನೋ ಅಂದೆ ಕಾಕಾ.”

“ನಾಳೆ ಬಾ. ಮಲಗಿ ಎದ್ದು ನೆಪ್ಪು ಮಾಡಕೋತೀನಿ,” ಅಂದ.

ಮರುದಿನ ಹೋದೆ. “ಏನೂ ನೆಪ್ಪಾಗಲಿಲ್ಲ,” ಅಂದ. ಅವನು ಮಲಗಿ ಎದ್ದ ಮೇಲೂ ಏನಾದರೂ ನೆನಪಾಗಲಿಲ್ಲ ಎಂದದ್ದು ಅದೊಂದೇ ಸಲ.

ಮೊನ್ನೆ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಹಟ್ಟಿಯಿಂದ ಮನೆಗೆ ಹೊತ್ತು ತಂದೆವು. ಮನೆಯ ಮುಂದಿನ ಅಂಗಳದಲ್ಲಿ ಕುರಿ ಕೂಡಿ ಹಾಕಿ, ಬಾಗಿಲ ಹತ್ತಿರ ಅವನನ್ನು ಮಲಗಿಸಿದೆವು. ಅಷ್ಟು ಬುದ್ಧಿ ನಮಗೆ ಬಂದಿತ್ತು. ಮಗ ವೈದ್ಯರನ್ನು ಕರೆತರಲು ಕುಷ್ಟಗಿಗೆ ಹೋಗಿದ್ದ. ನಾನು ಹತ್ತಿರ ಕೂತೆ. ಎರಡು ಹಗಲು ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಮೊದಲ ದಿನ ಅವನು ನನ್ನ ಕೈ ಹಿಡಿದು, ತನ್ನನ್ನು ಎಲ್ಲಿ ಮಣ್ಣು ಮಾಡಬೇಕು ಎಂದು ಹೇಳಿದ. ಜಾಗ, ದಿಕ್ಕು, ಹೆಜ್ಜೆ ಎಲ್ಲ ಹೇಳಿದ. “ನೆಪ್ಪಿಡು,” ಅಂದ. ಇಡುತ್ತೇನೆ ಅಂದೆ. ಮೂರನೆಯ ದಿನ ಬೆಳಿಗ್ಗೆ, ಕುರಿಗಳು ಮೆಲುಕು ಹಾಕುತ್ತಿರುವಾಗಲೇ, ಅವನು ಹೋದ. ಗಲ್ಲದ ಮೇಲೆ ಅಚ್ಚು ಹಾಗೇ ಇತ್ತು.

ಹಿರಿಯರು ಕೂಡಿದರು. ವೈದ್ಯರಿಲ್ಲದೆ ತಿರುಗಿ ಬಂದ ಮಗ ಬಾಗಿಲಲ್ಲಿ ಕುಸಿದು ಕೂತಿದ್ದ. “ಎಲ್ಲಿ ಇಡಬೇಕಂತ ಏನರ ಹೇಳ್ಯಾನೇನು?” ಎಂದು ಕುರಿಕಾಕಾನ ಸೊಸೆ ನನ್ನನ್ನು ಕೇಳಿದಳು.

“ಹೇಳ್ಯಾನ,” ಅಂದೆ.

“ಎಲ್ಲಿ?”

ಬಾಯಿ ತೆರೆದೆ. ಏನೂ ಬರಲಿಲ್ಲ. ಗಿಡ ಅಂದಿದ್ದ. ಯಾವ ಗಿಡ? ಹೆಜ್ಜೆ ಅಂದಿದ್ದ. ಎಷ್ಟು? ತಲೆ ಕೊಡವಿದೆ, ಮುಖಕ್ಕೆ ನೀರು ಹಾಕಿಕೊಂಡೆ. ಊಹೂಂ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

“ಬೇವಿನ ಗಿಡ ಇರಬೇಕು,” ಅಂದೆ.

“ಬೇವಿನ ಗಿಡ ಎಲ್ಲೈತಿ?” ಅಂದ ಅಪ್ಪ, ಮೆಲ್ಲಗೆ. ಅವನಿಗೂ ಕಚೇರಿ ನೆನಪಾಗಿತ್ತು.

ನಾನು ಎದ್ದು ಹೊರಗೆ ಹೋದೆ. ಅವನ ಕಂಬಳಿ ಎತ್ತಿಕೊಂಡು, ಅಂಗಳದ ಕುರಿಗಳ ನಡುವೆ ಹಾಸಿ ಮಲಗಿಬಿಟ್ಟೆ. ಅಳಲು ಬಂದ ಹೆಂಗಸರು ಅಳುವುದು ಬಿಟ್ಟು ನನ್ನನ್ನು ಬೈಯತೊಡಗಿದರು. ಹೆಣ ಮನೆಯಲ್ಲಿದೆ, ಇವನು ಅಂಗಳದಲ್ಲಿ ಗೊರಕೆ ಹೊಡೆಯುತ್ತಾನೆ, ನೆಟ್ಟಗಿನ ತಾಯಿ ಹೆತ್ತಿದ್ದರೆ ಹೀಗೆ ಮಾಡುತ್ತಿದ್ದನೇ ಎಂದು. ನಮ್ಮ ಅವ್ವ ಅಲ್ಲೇ ಕೂತಿದ್ದಳು. ನನಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಆಮೇಲೆ ಕುರಿಗಳ ದವಡೆಯ ಸಪ್ಪಳ ಮಾತ್ರ.

ಒಂದೂವರೆ ತಾಸು ಮಲಗಿದೆನಂತೆ. ಎದ್ದಾಗ ಎಲ್ಲ ಮುಂದೆ ಇಟ್ಟಂತೆ ಇತ್ತು. ಅವನು ಹೇಳಿದ ಧ್ವನಿಯೂ ಕೇಳುತ್ತಿತ್ತು. ‘ಕಲ್ಲು ಹಾಕಾಕ ನನ್ನ ಎಬ್ಬಿಸಿದ್ರಲ್ಲ, ಅವತ್ತ ರಾತ್ರಿ ಕಲ್ಲಿನಿಂದ ಇಪ್ಪತ್ತು ಹೆಜ್ಜಿ ಆಚಿಗೆ ಸರದು ಜಾಲಿ ಗಿಡದ ಬುಡಕ್ಕ ಮಲಗಿದೆ. ಅಂಥಾ ನಿದ್ದಿ ನನಗ ಮತ್ತೆಲ್ಲೂ ಬಂದಿಲ್ಲ. ಅಲ್ಲೇ ಇಡ್ರಿ. ತಲಿ ಮೂಡಲಕ್ಕ.’

ಒಳಗೆ ಹೋಗಿ ಹೇಳಿದೆ. ನನ್ನ ಮಾತಿಗಿಂತ ಮೊದಲು ಸೊಸೆ ನನ್ನ ಬಲಗಲ್ಲ ನೋಡಿದಳು. ಅಲ್ಲಿ ಅವನ ಕಂಬಳಿಯ ಅಚ್ಚು ಬಿದ್ದಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು, “ಹೌದು, ಹೇಳ್ಯಾನ,” ಅಂದಳು.

ಹಿರಿಯರು ಹೆಜ್ಜೆ ಲೆಕ್ಕ ಹಾಕಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲಿನಿಂದ ಇಪ್ಪತ್ತು ಹೆಜ್ಜೆ ಆಚೆಗೆ ಅಂದರೆ ಬಾಜೂ ಹೊಲದವನ ಹೊಲ.

ಅಪ್ಪ ನಾನು ಇಬ್ಬರೂ ಅವನ ಮನೆಗೆ ಹೋದೆವು. ಐದು ವರ್ಷದ ಮೇಲೆ. ಅವನು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ನಾನೇ ಹೇಳಿದೆ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಬದುಕಿದ್ದಾಗ ಬಾವಿ ತೊಗೊಂಡ,” ಅಂದ. “ಈಗ ಹೊಲಕ್ಕ ಬಂದಾನ.”

ಅವನು ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದ.

“ಜಾಲಿ ಗಿಡದ ಬುಡಕ್ಕ ಅಂದ್ಯಾ?”

“ಹೌದ್ರಿ ಮಾಮಾ.”

“ಅಲ್ಲಿ ನಿದ್ದಿ ಬರತೈತಿ ಖರೆ. ಮಧ್ಯಾಹ್ನ ಬುತ್ತಿ ಉಂಡು ನಾನೂ ಅಲ್ಲೇ ಅಡ್ಡಾಗತಿದ್ದೆ.” ಹಗ್ಗ ಕೆಳಗಿಟ್ಟು ಎದ್ದ. ಮೂಲೆಯಲ್ಲಿದ್ದ ಗುದ್ದಲಿ ತೆಗೆದುಕೊಂಡ. “ನಡೀರಿ. ಬ್ಯಾರೆಯವರ ಕೈಲೆ ತೋಡಿಸಿದ್ರ ಹೆಜ್ಜಿ ತಪ್ಪತಾರ.”

ತಲೆ ಮೂಡಣಕ್ಕೆ ಮಾಡಿ ಇಟ್ಟೆವು. ಕಂಬಳಿಯನ್ನೂ ಜೊತೆಗೇ ಇಟ್ಟೆವು, ಗಲ್ಲದ ಕೆಳಗೆ. ಮಣ್ಣು ಮುಚ್ಚಿದ ಮೇಲೆ ತಲೆಯ ಕಡೆ ಒಂದು ಕಲ್ಲು ನಿಲ್ಲಿಸಲು ಬಾಜೂ ಹೊಲದವನೇ ತೆಗ್ಗು ತೋಡಿದ. ನಾನು ಮನೆಗೆ ಓಡಿ ಒಲೆಯಿಂದ ಒಂದು ಬುಟ್ಟಿ ಇದ್ದಿಲು ತಂದು ಅದರಲ್ಲಿ ಸುರಿದೆ. ಅವನು ನನ್ನ ಮುಖ ನೋಡಿದ. ಕಲ್ಲು ಎತ್ತಲು ಕೈ ಕೊಟ್ಟ.

ನಾಳೆ ಯಾರಾದರೂ ಆ ಕಲ್ಲು ಸರಿಸಿದರೆ, ಎದ್ದು ಬಂದು ಸಾಕ್ಷಿ ಹೇಳಲು ಅ‍ವನಿಲ್ಲ. ಅವನು ಮಲಗಿದ್ದಾನೆ.